ಬಾಗಿಲು ಹೊತ್ತ ಮುದುಕನ ಸಿನಿಮಾ

ಜನವರಿ 8, 2025. ಬುಧವಾರ

ಹತ್ತಕ್ಕೆ ಲೈಬ್ರರಿ ಬೀಗ ತೆಗೆದೆ. ಪೇಪರ್ ಎರಡೇ ಬಂದಿವೆ. ಪ್ರೊಜೆಕ್ಟರ್ ಫ್ಯಾನ್ ಮತ್ತೆ ಗುರ್ ಅನ್ನುತ್ತಿತ್ತು — ಹಳೇ ಟೂತ್‌ಬ್ರಷ್‌ನಿಂದ ಧೂಳು ತೆಗೆದ ಮೇಲೆ ಸುಮ್ಮನಾಯಿತು.

ಮಡಿಕೇರಿಯಿಂದ ಕೀರ್ತಿಕುಮಾರ್ ಫೋನ್. ಅಲ್ಲಿ ಸಿನಿಮಾ ಬಳಗ ನಡೆಸುವವರು. ಮಾರ್ಚ್ 15ಕ್ಕೆ ನಾನು ಮಾತನಾಡಬೇಕಂತೆ. ವಿಷಯ — ಸಿನಿಮಾ ಮತ್ತು ಅಧ್ಯಾತ್ಮ. “ಆರು ವರ್ಷದಿಂದ ಪ್ರತಿ ಭಾನುವಾರ ಲೈಬ್ರರಿಯಲ್ಲಿ ಎಸ್ಟೇಟ್ ಜನಕ್ಕೆ ಸಿನಿಮಾ ತೋರಿಸ್ತಿದ್ದೀರಿ. ಸಿದ್ದಾಪುರದಲ್ಲಿ ನೀವಿರುವಾಗ ಬೇರೆಯವರನ್ನ ಯಾಕೆ ಹುಡುಕಲಿ ನೀಲಾವತಿ ಮೇಡಂ?” ಅಂದರು. ಉಬ್ಬಿಹೋದೆ. ಒಪ್ಪಿಕೊಂಡೆ.

ಮನೆಯಲ್ಲಿ ಹೇಳಿದೆ. ಅತ್ತೆ — “ಅಧ್ಯಾತ್ಮದ ಸಿನಿಮಾ ಅಂದ್ರೆ ದೇವ್ರ ಸಿನಿಮಾ ತಾನೆ?”

ಟಿವಿಯಲ್ಲಿ ದೇವರು ಪ್ರತ್ಯಕ್ಷವಾದರೆ ಅತ್ತೆ ಚಾಚಿದ ಕಾಲು ಮಡಚಿಕೊಂಡು ಕೈಮುಗಿಯುತ್ತಾರೆ. ಜಾಹೀರಾತು ಬಂದರೆ ಮತ್ತೆ ಚಾಚುತ್ತಾರೆ. ಅದಲ್ಲ ಅತ್ತೆ ಅಂದೆ. ಕಿರೀಟ ಇಟ್ಟವರು ಬಂದು ವರ ಕೊಟ್ಟರೆ ಆಗಲಿಲ್ಲ. ನಿಧಾನ ಬೇಕು, ಮೌನ ಬೇಕು. ನೋಡುವವನು ತನ್ನೊಳಗೆ ಇಳಿಯಬೇಕು...

“ಇಳಿದು ನಿದ್ದೆ ಹೊಡೀಬೇಕು,” ಅಂದರು ನಮ್ಮ ಯಜಮಾನರು. ಜೀಪು ತೊಳೆದು ಕೈ ಒರೆಸಿಕೊಳ್ಳುತ್ತಿದ್ದರು.

“ಅಶ್ವಥ, ಸುಮ್ನಿರು. ಓದಿದೋಳು ಹೇಳ್ತಾಳೆ, ಕೇಳು.” ಅತ್ತೆ ನನ್ನ ಪರವೋ, ಗೇಲಿಯೋ... ಗೊತ್ತಾಗಲಿಲ್ಲ.

ಜನವರಿ 11, ಶನಿವಾರ

ಕೀರ್ತಿಕುಮಾರ್ ಪೆನ್‌ಡ್ರೈವ್ ಕಳಿಸಿದ್ದರು. ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದೆ. ಯಾವುದೋ ಬೆಟ್ಟದ ದೇಶದ್ದು. ಮಾತು ನೂರು ಇರಬಹುದು, ಅಷ್ಟೇ. ಒಬ್ಬ ಮುದುಕ ಮರದ ಬಾಗಿಲೊಂದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ದಾಟುತ್ತಾನೆ. ತಮ್ಮನ ಮನೆಗೆ. ಎಷ್ಟೋ ವರ್ಷದ ಹಿಂದೆ ಜಗಳವಾಡಿ ಕಿತ್ತುಕೊಂಡು ಬಂದಿದ್ದ ಬಾಗಿಲು. ಹೋಗಿ ನೋಡಿದರೆ ತಮ್ಮನೂ ಇಲ್ಲ, ಮನೆಯೂ ಬಿದ್ದಿದೆ. ಉಳಿದ ಹೊಸಿಲ ಮೇಲೆ ಬಾಗಿಲು ನಿಲ್ಲಿಸುತ್ತಾನೆ. ತಟ್ಟುತ್ತಾನೆ. ಕಾಯುತ್ತಾನೆ.

ಅತ್ತುಬಿಟ್ಟೆ. ಇದು, ಇದೇ. ಭಾಷಣಕ್ಕೆ ಮೂರು ಪುಟ ಆಯಿತು.

ನಾಳೆ ಇದನ್ನೇ ಹಾಕುತ್ತೇನೆ. ಎರಡು ಗಂಟೆ ಇಪ್ಪತ್ತು ನಿಮಿಷ. ನಮ್ಮದು ಸಾಮಾನ್ಯವಾಗಿ ಐದಕ್ಕೆಲ್ಲ ಮುಗಿಯುತ್ತದೆ. ಒಂದು ದಿನ ಉದ್ದವಾದರೆ ಏನು.

ಜನವರಿ 12, ಭಾನುವಾರ. ಸಂಜೆ 6.50

ಮೂವತ್ತೊಂದು ಜನ. ನಡುವೆ ಕರೆಂಟ್ ಹೋಗಿ ಇಪ್ಪತ್ತು ನಿಮಿಷ ದಂಡ. ಮುಗಿದಾಗ ಆರೂ ಹತ್ತು. ಅರ್ಧ ಜನ ಮೊದಲೇ ಎದ್ದು ಹೋದರು. ಹೋಗಲಿ. ಉಳಿದವರು ಉಳಿದರಲ್ಲ!

ಎಸ್ಟೇಟ್ ಕೂಲಿಗಳ ಲೈನ್ ಮನೆಯ ಲಿಂಗಣ್ಣ — ಒಂದು ಭಾನುವಾರವೂ ತಪ್ಪಿಸುವವರಲ್ಲ, ಕಿಟಕಿ ಪಕ್ಕದ ಬೆಂಚೇ ಅವರಿಗೆ — ಐದೂವರೆಗೆ ಎದ್ದರು. ಪಕ್ಕದ ಮನೆಯ ಮಾರಿಯೂ ಎದ್ದಳು.

“ಹೊರಡ್ತೀವಿ ಅಕ್ಕ. ಕತ್ತಲಾಗ್ತದೆ. ತೋಟದಲ್ಲಿ ಆನೆ ಇದೆ ಅಂತಿದ್ರು.”

“ಇನ್ನರ್ಧ ಗಂಟೆ ಲಿಂಗಣ್ಣ. ಕೊನೇದು ನೋಡ್ದೆ ಹೋದ್ರೆ ಇಷ್ಟು ಹೊತ್ತು ನೋಡಿದ್ದೆಲ್ಲ ದಂಡ. ಕೂತ್ಕೊಳ್ಳಿ.”

ಮಾರಿ ಹೋದಳು. ಲಿಂಗಣ್ಣ ಕೂತರು. ಖುಷಿಯಾಯಿತು. ಹೋಗುವಾಗ ಹೇಳಿದ್ದು — “ಬಾಗಿಲನ್ನ ಹಂಗೆ ಬೆನ್ನಿಗೆ ಕಟ್ಕೋಬಾರ್ದು ಅಕ್ಕ. ಗಾಳಿ ಹಿಡೀತದೆ. ತಲೆ ಮೇಲೆ ಮಲಗಿಸ್ಕೋಬೇಕು.” ನಕ್ಕೆ. ಅದು ಬರೀ ಬಾಗಿಲಲ್ಲ ಲಿಂಗಣ್ಣ ಅಂದೆ. ತಲೆ ಆಡಿಸಿದರು.

ಭಾಷಣಕ್ಕೆ ಒಳ್ಳೆ ಆರಂಭ. ದೇಹದಿಂದ ನೋಡುವವರು, ಮನಸ್ಸಿನಿಂದ ನೋಡುವವರು... ಫೋನ್ ಬರುತ್ತಿದೆ. ಇವರದು.

ಜನವರಿ 14

ಸಂಕ್ರಾಂತಿ. ಎಳ್ಳು ಬೀರಲಿಲ್ಲ.

ಲಿಂಗಣ್ಣ ಲೈನ್ ಸೇರಲು ಇನ್ನೂರು ಹೆಜ್ಜೆ ಬಾಕಿ ಇತ್ತಂತೆ. ತಿರುವಿನಲ್ಲಿ ಒಂಟಿ ಸಲಗ. ಬ್ಯಾಟರಿ ಇರಲಿಲ್ಲ ಅವರ ಹತ್ತಿರ. ಬೆಳಕಿದ್ದಾಗಲೇ ಮನೆ ಸೇರುವವರಿಗೆ ಬ್ಯಾಟರಿ ಯಾಕೆ.

ಮಣ್ಣಿಗೆ ಹೋಗಿದ್ದೆ. ಅವರ ಹೆಂಡತಿ ಮುದ್ದಿಯ ಮುಖ ನೋಡಲಿಲ್ಲ. ನೋಡಲಾಗಲಿಲ್ಲ.

ಫೆಬ್ರವರಿ 26, ಬುಧವಾರ

ಇಷ್ಟು ದಿನ ಬರೆದಿಲ್ಲ. ಬೀಗ ತೆಗೆಯುವುದು, ಪೇಪರ್ ಜೋಡಿಸುವುದು, ಬೀಗ ಹಾಕುವುದು. ಪ್ರೊಜೆಕ್ಟರ್ ಕೆಟ್ಟಿದೆ ಅಂತ ಎಲ್ಲರಿಗೂ ಸುಳ್ಳು ಹೇಳಿದ್ದೇನೆ. ಬೀರುವಿನಲ್ಲಿದೆ.

ಲೈನ್ ಕಡೆ ಹೋಗಿಲ್ಲ. ಆ ರಸ್ತೆಗೇ ಇಳಿದಿಲ್ಲ.

ಯಜಮಾನರು ಹೇಳುತ್ತಾರೆ — “ಅವತ್ತು ನಂಗೆ ವಿರಾಜಪೇಟೆ ಬಾಡಿಗೆ ಇತ್ತು. ಇಲ್ದಿದ್ರೆ ಜೀಪಲ್ಲಿ ಬಿಟ್ಟು ಬರ್ತಿದ್ದೆ. ಹಂಗಂತ ನಾನು ಅಳ್ತಾ ಕೂತಿದ್ದೀನಾ?” ಸಮಾಧಾನಕ್ಕೆ ಹೇಳುವುದು. ಆದರೆ ಇವರು ಯಾರನ್ನೂ ಕೂತ್ಕೊಳ್ಳಿ ಅನ್ನಲಿಲ್ಲವಲ್ಲ.

ಕೀರ್ತಿಕುಮಾರ್ ಮೆಸೇಜ್: ಭಾಷಣ ಎಲ್ಲಿಗೆ ಬಂತು ಮೇಡಂ? ಉತ್ತರ ಕೊಟ್ಟಿಲ್ಲ.

ಫೆಬ್ರವರಿ 28, ಶುಕ್ರವಾರ

ಮುದ್ದಿ ಬಂದಳು. ಮಧ್ಯಾಹ್ನ, ಕೆಲಸದ ಅಂಗಿಯಲ್ಲೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿನಿಮಾಕ್ಕೆ ಬಂದವಳಲ್ಲ. ಬಟ್ಟೆ ಒಗೆಯಲು ಭಾನುವಾರ ಒಂದೇ ಸಿಗುವುದು ಅನ್ನುತ್ತಿದ್ದಳು. ಕುರ್ಚಿ ಎಳೆದೆ. ಕೂರಲಿಲ್ಲ.

“ಅಕ್ಕ, ಅವತ್ತು ನಮ್ಮೋರು ನೋಡಿದ್ರಲ್ಲ, ಆ ಪಿಚ್ಚರ್ ಇದ್ಯಾ?”

ಇದೆ ಅಂದೆ. ಆರು ವಾರದಿಂದ ಬಾಯಲ್ಲೇ ಇದ್ದದ್ದು ಹೊರಗೆ ಬಂತು. “ಮುದ್ದಿ, ಲಿಂಗಣ್ಣ ಬೇಗ ಎದ್ದಿದ್ರು. ನಾನೇ ಕೂರಿಸಿದೆ.”

“ಗೊತ್ತು. ಮಾರಿ ಅವತ್ತೇ ಹೇಳಿದ್ಳು.”

ಸಿಟ್ಟಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಸುಲಭವಿತ್ತು.

“ಅದ್ಕೇ ಕೇಳ್ತಿರೋದು. ಕೂರಿಸ್ಕೊಳ್ಳುವಂಥದ್ದು ಏನಿತ್ತು ಅದ್ರಲ್ಲಿ? ನೋಡ್ಬೇಕು ನಾನು.”

ಭಾನುವಾರ ಬಾ ಅಂದೆ. ಮಧ್ಯಾಹ್ನ ಒಂದಕ್ಕೆ.

ಮಾರ್ಚ್ 2, ಭಾನುವಾರ. ಸಂಜೆ 5.00

ಮುದ್ದಿ ಒಬ್ಬಳೇ ಅಂದುಕೊಂಡಿದ್ದೆ. ಮಾರಿ ಬಂದಳು. ಆನಂದ್ ಬಂದ — ಪಕ್ಕದ ಲೈನಿನವನು, ಅವತ್ತು ಲಿಂಗಣ್ಣನ ಹಿಂದಿನ ಬೆಂಚಿನಲ್ಲಿದ್ದವನು. ಇನ್ನೂ ಐದಾರು ಜನ. ಮುದ್ದಿ ಕಿಟಕಿ ಪಕ್ಕದ ಬೆಂಚಲ್ಲಿ ಕೂತಳು. ಯಾರೂ ಹೇಳಿರಲಿಲ್ಲ.

ಶುರುವಾಯಿತು. ಹತ್ತು ನಿಮಿಷಕ್ಕೆ ಮುದ್ದಿ ಮಾರಿಯನ್ನು ಕೇಳಿದಳು, ಜೋರಾಗಿಯೇ — “ಇಲ್ಲಿ ಏನ್ ಮಾಡ್ತಿದ್ರು?”

“ಇಲ್ಲಿ ನಿದ್ದೆ. ಗೊರಕೆ ಬೇರೆ. ನಾನು ತಿವಿದೆ.”

ಯಾರೋ ನಕ್ಕರು. ಮುದ್ದಿಯೂ.

ಮುದುಕನ ಬಾಗಿಲಿನ ಮೇಲೆ ಆಡೊಂದು ಹತ್ತಿ ಕೂರುತ್ತದೆ. “ಇಲ್ಲಿ ಎಚ್ಚರ ಆಯ್ತು,” ಅಂದಳು ಮಾರಿ. “ನಕ್ಕೂ ನಕ್ಕೂ ಕೆಮ್ಮು ಬಂತು. ನಮ್ಮನೆ ಕರಿ ಆಡು ಇದೇ ಥರ ಅಂದ್ರು.” ಇನ್ನೊಬ್ಬಳು ಅಂದಳು, ಹೌದು, ನಂಗೂ ಕೇಳಿಸ್ತು. ಮುದುಕ ಹೊಳೆ ದಾಟುವಾಗ ಲಿಂಗಣ್ಣ ಎಲೆ ಅಡಿಕೆ ಹಾಕಿಕೊಂಡರಂತೆ. ಕರೆಂಟ್ ಹೋದಾಗ ಎದ್ದು ಎಲ್ಲರಿಗೂ ನೀರು ಕೊಟ್ಟರಂತೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಸಿನಿಮಾ ಯಾರಿಗೂ ಬೇಡವಾಗಿತ್ತು. ಪರದೆಯ ಮೇಲೆ ಮುದುಕ ನಡೆಯುತ್ತಿದ್ದ, ಹಾಲಿನಲ್ಲಿ ಲಿಂಗಣ್ಣ. ಯಾವ ದೃಶ್ಯ ಬಂದರೂ ಅದರ ಪಕ್ಕದಲ್ಲಿ ಅವರಿದ್ದರು.

ಅವತ್ತು ಐದೂವರೆಗೆ ಅವರು ಎದ್ದ ಜಾಗ ಬಂತು. ಮಾರಿ ಸುಮ್ಮನಾದಳು.

ಮುದ್ದಿ ತಿರುಗಿ ನನ್ನನ್ನು ನೋಡಿದಳು. “ಇಲ್ಲಿಂದ ಇವ್ಳಿಗೆ ಗೊತ್ತಿಲ್ಲ. ನೀವು ಹೇಳಿ ಅಕ್ಕ.”

ನನಗೆ ಗೊತ್ತಿರಲಿಲ್ಲ. ನಾನು ಪರದೆ ನೋಡುತ್ತಿದ್ದೆ. ಕೊನೆಯ ನಲವತ್ತು ನಿಮಿಷ ಅವರು ಅತ್ತರೋ, ನಕ್ಕರೋ, ಇದ್ದರೋ ಇಲ್ಲವೋ... ಒಮ್ಮೆಯೂ ತಿರುಗಿ ನೋಡಿರಲಿಲ್ಲ. “ನಾನು ನೋಡ್ಲಿಲ್ಲ ಮುದ್ದಿ,” ಅಂದೆ.

ಆನಂದ್ ನಿಧಾನಕ್ಕೆ ಹೇಳಿದ. “ಇಲ್ಲಿಂದ ಅವರು ಕಿಟಕಿನೇ ನೋಡ್ತಿದ್ರು. ಬೆಳಕು ಎಷ್ಟಿದೆ ಅಂತ. ಪಿಚ್ಚರ್ ನೋಡ್ಲಿಲ್ಲ.”

ಮುದುಕ ಬಾಗಿಲು ನಿಲ್ಲಿಸಿದ. ತಟ್ಟಿದ. ಕಾದ. ಮುಗಿಯಿತು.

“ಇಷ್ಟೇನಾ?” ಅಂದಳು ಮುದ್ದಿ.

ಎದ್ದು ಹೋದಳು.

ಮಾರ್ಚ್ 5, ಬುಧವಾರ

ಭಾಷಣದ ಹಾಳೆಗಳನ್ನು ಓದಿದೆ. ಮೌನ, ನಿಧಾನ, ಒಳಗಿನ ಪಯಣ. ಒಂದೂ ಸುಳ್ಳಲ್ಲ. ಆದರೆ ಒಬ್ಬ ಮನುಷ್ಯ ಮನೆಗೆ ಹೋಗಲು ಬೆಳಕು ಅಳೆಯುತ್ತ ಕೂತಿದ್ದಾಗ ನಾನು ಒಳಗೆ ಇಳಿಯುತ್ತಿದ್ದೆ.

ಸಂಜೆ ಅತ್ತೆ ಟಿವಿ ಮುಂದೆ. ಥರ್ಮೋಕೋಲ್ ಮೋಡ, ಬಣ್ಣದ ದೇವರು. ಅತ್ತೆ ಮಂಡಿನೋವಿನಲ್ಲೂ ಕಾಲು ಮಡಚಿಕೊಂಡರು. ಇಷ್ಟು ವರ್ಷ ಟಿವಿಯನ್ನು ನೋಡಿ ನಗುತ್ತಿದ್ದೆ. ಇವತ್ತು ಅತ್ತೆಯ ಕಾಲು ನೋಡಿದೆ. ಎಷ್ಟು ಕಷ್ಟಪಟ್ಟು ಮಡಚುತ್ತಾರೆ!

“ಅತ್ತೆ, ಅದು ವೇಷ ಅಂತ ಗೊತ್ತಲ್ಲ ನಿಮ್ಗೆ?”

“ಗೊತ್ತಿಲ್ದೆ ಏನು. ಆ ಹುಡ್ಗ ಸೋಪಿನ ಜಾಹೀರಾತಿಗೂ ಬರ್ತಾನೆ.”

“ಮತ್ತೆ?”

“ಕೈ ಮುಗಿಯೋಕೆ ಒಂದು ನೆಪ ಬೇಕಲ್ಲಮ್ಮ.”

ಮಾರ್ಚ್ 8, ಶನಿವಾರ

ಮುದ್ದಿ ಮತ್ತೆ ಬಂದಳು. ಈ ಸಲ ಕೂತಳು. ನೀರು ಕುಡಿದಳು.

“ಮನೇಲಿ ಅವ್ರ ಹೆಸರು ಯಾರೂ ಎತ್ತಲ್ಲ ಅಕ್ಕ. ನಾನು ಅಳ್ತೀನಿ ಅಂತ. ಅವತ್ತು ಇಲ್ಲಿ ಎಲ್ಲಾರೂ ಎತ್ತಿದ್ರು. ಆಡಿಗೆ ನಕ್ಕಿದ್ದು ನಂಗೆ ಗೊತ್ತೇ ಇರ್ಲಿಲ್ಲ.”

ಲೋಟ ಕೆಳಗಿಟ್ಟು — “ನೀವು ಕೂರಿಸಿದ್ದು ತಪ್ಪೇ. ತಪ್ಪಲ್ಲ ಅಂತ ನಾನು ಹೇಳಲ್ಲ.”

ಹೇಳಬೇಡ ಅಂದೆ.

“ಮುಂದಿನ ಭಾನುವಾರದಿಂದ ಪಿಚ್ಚರ್ ಹಾಕಿ. ಎರಡಕ್ಕೆ ಶುರು. ನಾಲ್ಕಕ್ಕೆ ಬಿಡ್ಬೇಕು. ಮುಗೀಲಿಲ್ಲ ಅಂದ್ರೂ ಬಿಡ್ಬೇಕು. ಆಗ್ತದಾ?”

ಆಗ್ತದೆ ಅಂದೆ. ಜೀಪಿಗೆ ನಮ್ಮ ಯಜಮಾನರನ್ನು ಕೇಳಿದೆ. “ಭಾನುವಾರ ಯಾವ ಬಾಡಿಗೇನೂ ಒಪ್ಪಲ್ಲ. ಎಲ್ಲಾರ್ನೂ ಬಿಟ್ಟು ಬರ್ತೀನಿ,” ಅಂದರು. ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಮಾರ್ಚ್ 15, ಶನಿವಾರ. ಮಡಿಕೇರಿಯಿಂದ ಬರುವ ಬಸ್ಸಿನಲ್ಲಿ

ಹಾಳೆ ಬ್ಯಾಗಿನಲ್ಲೇ ಉಳಿಯಿತು. ನಡೆದದ್ದನ್ನು ಹೇಳಿದೆ. ಕೂತ್ಕೊಳ್ಳಿ ಅಂದದ್ದನ್ನೂ. ಕೀರ್ತಿಕುಮಾರ್ ತಲೆ ತಗ್ಗಿಸಿಕೊಂಡಿದ್ದರು.

ಕೊನೆಗೊಬ್ಬರು ಕೇಳಿದರು, “ಹಾಗಾದ್ರೆ ಆ ಸಿನಿಮಾ ಆಧ್ಯಾತ್ಮಿಕ ಹೌದೋ ಅಲ್ಲವೋ ಮೇಡಂ?”

ಮೊದಲ ಸಲ ತೋರಿಸಿದಾಗ ಅಲ್ಲ, ಎರಡನೇ ಸಲ ಹೌದು ಅಂದೆ. ಸಿನಿಮಾ ಅದೇ. ಎರಡನೇ ಸಲ ನಾವು ಪಕ್ಕದವರನ್ನು ನೋಡಿದೆವು. ಸರಿಯೋ ತಪ್ಪೋ. ಅಷ್ಟೇ ಹೊಳೆದದ್ದು. ಚಪ್ಪಾಳೆ ಬರಲಿಲ್ಲ. ಬೇಡವಾಗಿತ್ತು.

ಮಾರ್ಚ್ 16, ಭಾನುವಾರ. ಸಂಜೆ 4.20

ಹತ್ತೊಂಬತ್ತು ಜನ. ಹಾಸನದ ಕಡೆ ಹಳ್ಳಿಯ ಕಥೆ — ಒಬ್ಬ ಹೆಂಗಸು, ಮುರಿದ ಹೊಲಿಗೆ ಮೆಷಿನ್, ಭರ್ತಿ ನಗು. ಬೆಂಚುಗಳ ಹಿಂದೆ ಕೂತು ತಲೆಗಳನ್ನು ನೋಡುತ್ತಿದ್ದೆ. ಇನ್ನೂ ಹದಿನೈದು ನಿಮಿಷ ಬಾಕಿ, ಅವಳು ಪೆಟ್ಟಿಗೆ ಕಟ್ಟಿ ಬಸ್ ಸ್ಟ್ಯಾಂಡಿಗೆ ಬಂದಿದ್ದಾಳೆ, ನಾಲ್ಕು ಗಂಟೆ. ನಿಲ್ಲಿಸಿದೆ.

ಎಲ್ಲರೂ ಹೋ ಅಂದರು. ಮಾರಿ ನನಗೆ ಬೈದಳು. ಆನಂದ್, “ಅವ್ಳು ಹೋಗಲ್ಲ, ಬರೆದಿಟ್ಕೊಳ್ಳಿ,” ಅಂದ. ಇನ್ನೊಬ್ಬಳು, ಹೋಗೇ ಹೋಗ್ತಾಳೆ ಅಂದಳು. ಜಗಳವಾಡುತ್ತಲೇ ಜೀಪು ಹತ್ತಿದರು. ಮೊದಲ ಟ್ರಿಪ್ ಹೋಯಿತು.

ಮುದ್ದಿ ಮತ್ತು ಇನ್ನಿಬ್ಬರು ಎರಡನೇ ಟ್ರಿಪ್ಪಿಗೆ. ಅವಳು ಬೆಂಚು ಸರಿಸುತ್ತಿದ್ದಾಳೆ, ನಾನು ಇದನ್ನು ಗೀಚುತ್ತಿದ್ದೇನೆ. ಹೊರಗೆ ಚೆನ್ನಾಗಿ ಬಿಸಿಲಿದೆ. ಮುದ್ದಿ ಕೇಳಿದಳು, “ನೀವೂ ಬರ್ತೀರಾ ಅಕ್ಕ? ಟೀ ಕುಡಿದು ಬರುವಿರಂತೆ.”

ಜೀಪಿನ ಹಾರ್ನ್. ಬೀಗ ಎಲ್ಲಿಟ್ಟೆ... ಸಿಕ್ಕಿತು. ಅವಳ ಜೊತೆ ಆ ರಸ್ತೆಯಲ್ಲಿ, ಲೈನಿನ ತನಕ ಹೋಗಿ ಬರುತ್ತೇನೆ.