ಅಂಗನವಾಡಿ ಬೇಲಿಯ ಕಣಗಿಲೆ

ಗುಬ್ಬಿ, ಶನಿವಾರ

ಬಡಾವಣೆ ಸಂಘದ ಕಾರ್ಯದರ್ಶಿ ರೇಣುಕಾಪ್ರಸಾದರಿಗೆ,

ತಾವು ಕ್ಷೇಮವೆಂದು ನೋಡಿದರೇ ಗೊತ್ತಾಗುತ್ತದೆ, ಕೇಳುವುದಿಲ್ಲ.

ನಿನ್ನೆ ಅಂಗನವಾಡಿ ಬೇಲಿ ಹತ್ತಿರ ಫಿರ್ದೋಸಳ ಮಗಳು ಅರ್ಜೂ ಹಳದಿ ಕಣಗಿಲೆ ಕಾಯಿ ಬಾಯಿಗಿಟ್ಟುಕೊಂಡಿದ್ದಳು. ನಾನೇ ಬೆರಳು ಹಾಕಿ ತೆಗೆದೆ. ಅಗಿದಿರಲಿಲ್ಲ, ಬದುಕಿದಳು. ಬೇಲಿಯ ಮೂರು ಗಿಡ ಕಡಿಸಿ ಅಂದರೆ ತಾವು ಏನಂದಿರಿ? "ಯಜಮಾನ್ರೇ, ಶಿವನಿಗೆ ಏರ್ಸೋ ಹೂವು, ಕಡಿದ್ರೆ ಪಾಪ ಬರುತ್ತೆ, ಬುಡಿ."

ಸ್ವಾಮಿ, ನಾನೂ ಲಿಂಗ ಕಟ್ಟಿಕೊಂಡವನೇ. ವಿಷ ಕುಡಿದು ದಕ್ಕಿಸಿಕೊಂಡವನು ಶಿವ. ಆ ಕೆಲಸವನ್ನು ಮೂರು ವರ್ಷದ ಮಗುವಿಗೆ ವಹಿಸಬೇಡಿ. ತುಮಕೂರಿನ ಕಾಲೇಜಿನಲ್ಲಿ ಬಾಟನಿ ಓದಿದ್ದೆ: ಎವರ್‌ಗ್ರೀನ್ ಶ್ರಬ್, ಆಲ್ ಪಾರ್ಟ್ಸ್ ಪಾಯ್ಸನಸ್, ಆಕ್ಟ್ಸ್ ಆನ್ ದಿ ಹಾರ್ಟ್... ಮುಂದಿನದು ಮರೆತಿದೆ. ಕನ್ನಡದಲ್ಲಿ ಹೇಳುವುದಾದರೆ, ಬೇರಿನಿಂದ ಕಾಯಿವರೆಗೆ ವಿಷ, ಪೆಟ್ಟು ಹೃದಯಕ್ಕೆ. ತಮ್ಮ ತಲೆಗೆ ಇಷ್ಟೇ ಹೆಚ್ಚು. ಮೇಕೆಗಳೂ ಅದನ್ನು ಮೂಸಿ ಬಿಟ್ಟು ಹೋಗುತ್ತವೆ. ಅಷ್ಟು ತಿಳಿವಳಿಕೆ ಸಂಘಕ್ಕೂ ಬರಲಿ.

ಸೋಮವಾರ ಮಕ್ಕಳು ಬರುವ ಮುಂಚೆ ಮೂರೂ ಗಿಡ ಬುಡಸಮೇತ ಕೀಳಿಸಿ. ಬಿದ್ದ ಕಾಯಿಗಳನ್ನು ಗುಡಿಸಿ ಹೂಳಿಸಿ, ಸುಡಿಸಬೇಡಿ, ಹೊಗೆಯೂ ಕೆಟ್ಟದ್ದು.

ನಡುವಿನ ಗಿಡ ತೀರಿಹೋದ ನನ್ನ ಹೆಂಡತಿ ಸಿದ್ದಗಂಗಮ್ಮ ಪೂಜೆಗೆಂದು ನೆಟ್ಟದ್ದು. ಮೊದಲು ಅದನ್ನೇ ಕಡಿಸಿ. ನಾನು ಅಲ್ಲೇ ನಿಂತಿರುತ್ತೇನೆ.

ಇಂತಿ,
ಚನ್ನಬಸವಯ್ಯ,
ಅಂಗನವಾಡಿ ಎದುರು ಮನೆ