ದೊಡ್ಡಮ್ಮನ ಸ್ವಾಗತ

ಸೋಮವಾರ, ಮಾರ್ಚ್ ೯

ನಮ್ಮ ಆನ್‌ಲೈನ್ ಹೊಲಿಗೆ ಬಳಗವನ್ನು ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ ತೀರಿಕೊಂಡ ಮೇಲೂ ಅವರ ಪದ್ಧತಿ ನಿಲ್ಲಬಾರದೆಂದು ಹಟ ಹಿಡಿದವಳು ನಾನೇ. ಹೊಸಬರು ಸೇರಿದ ಕೂಡಲೇ ದೊಡ್ಡಮ್ಮನ ಖಾತೆಯಿಂದ ಅದೇ ಹಳೆಯ ಮಾತು ತಾನಾಗಿ ಹೋಗುವಂತೆ ಮಾಡಿಟ್ಟೆ: "ಬಾ ಮಗಳೇ, ಊಟ ಆಯ್ತಾ? ಹಸಿದ ಹೊಟ್ಟೇಲಿ ಸೂಜಿ ಹಿಡೀಬೇಡ."

ಇವತ್ತು ಸೇರಿದ್ದು ಅವರ ಸ್ವಂತ ಮಗಳು. ಅಮ್ಮ ಅರ್ಧಕ್ಕೆ ಬಿಟ್ಟ ಅಂಗಿಗೆ ತೋಳು ಕೂಡಿಸಬೇಕಂತೆ. ಸ್ವಾಗತ ಹೋಗಿಯೇಬಿಟ್ಟಿತು. ಬೆಂಕಿ ಹಾಕಬೇಕು ನನ್ನ ಜಾಣತನಕ್ಕೆ.

"ಇನ್ನೂ ಇಲ್ಲಮ್ಮ. ನಿಂದು?" ಎಂದು ಉತ್ತರಿಸಿದಳು.

ಗಾಬರಿಯಲ್ಲಿ ದೊಡ್ಡಮ್ಮನ ಖಾತೆಯಲ್ಲೇ ಕ್ಷಮೆ ಬರೆಯಲು ಕೂತೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಷ್ಟು ಹೊತ್ತೂ ಅವಳ ಪರದೆಯಲ್ಲಿ ಅಮ್ಮ ಬರೆಯುತ್ತಿದ್ದಾರೆ ಎಂದು ಕಾಣುತ್ತಿದ್ದುದು ನನಗೆ ಹೊಳೆದದ್ದು ಅವಳ ಮುಂದಿನ ಸಾಲು ಬಂದಾಗ.

"ನಿಧಾನವಾಗಿ ಬರಿ. ನಾನು ಇಲ್ಲೇ ಇದೀನಿ."

ಅವಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಇನ್ನೂ ಆರಿಲ್ಲ. ನಾನು ಇನ್ನೂ ಬರೆಯುತ್ತಲೇ, ಅಳಿಸುತ್ತಲೇ ಇದ್ದೇನೆ.