ಕೊನೆಯ ಅಧ್ಯಾಯದಲ್ಲಿಲ್ಲದ ದೊಡ್ಡಕ್ಕ

ಅಮ್ಮಾ,

ನೀನು ತೀರಿಕೊಂಡ ಮೇಲೂ ಬಿಡದೆ ಬರೆದೆನಲ್ಲ, ಆ ಆನರ್ಸ್ ಪ್ರಬಂಧದ ಮೌಖಿಕ ಪರೀಕ್ಷೆ ಇವತ್ತು ಮುಗಿಯಿತು. ಮಾನವಶಾಸ್ತ್ರದಲ್ಲಿ ಮಾಹಿತಿ ಕೊಟ್ಟವರ ಹೆಸರು ಮರೆಮಾಚಬೇಕು. ಹಾಗಾಗಿ ನೀನು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಲಾಂಡ್ರಿಯ ಹೆಂಗಸರ ಬಗೆಗಿನ ಆ ಪ್ರಬಂಧದಲ್ಲಿ ನೀನು ಬರೀ ‘ದೊಡ್ಡಕ್ಕ’.

ಪರೀಕ್ಷಕರು ಪುಟ ಮಗುಚುತ್ತಲೇ ಇದ್ದರು.

“ಈ ದೊಡ್ಡಕ್ಕ ಸೂಪರ್‌ವೈಸರ್‌ನೂ ಬಿಡ್ದೆ ಕಾಲೆಳೀತಾರೆ. ಕೊನೇ ಅಧ್ಯಾಯದಲ್ಲಿ ಅವ್ರ ಮಾತೇ ಇಲ್ವಲ್ಲ?”

“ಹುಷಾರಿಲ್ದೆ ಕೆಲ್ಸ ಬಿಟ್ರು, ಸರ್.”

“ಮನೆಗೇ ಹೋಗಿ ಮಾತಾಡಿಸ್ಬಹುದಿತ್ತಲ್ಲಮ್ಮ?”

ದೊಡ್ಡಕ್ಕ ನೀನೇ ಎಂದು ಗೊತ್ತಿದ್ದ ನನ್ನ ಗೈಡ್ ಕಿಟಕಿಯತ್ತ ತಿರುಗಿದರು.

“ಪುರುಸೊತ್ತಾಗ್ಲಿಲ್ಲ, ಸರ್. ಬರೀತಾ ಇದ್ದೆ.”

ಪಾಸಾದೆ. ಎಲ್ಲರೂ ಕೈ ಕುಲುಕಿದರು.

ನನ್ನ ಮೇಜಿಗೂ ನಿನ್ನ ಮಂಚಕ್ಕೂ ನಡುವೆ ಇರುವುದು ಒಂದೇ ಗೋಡೆ. ಬರೆಯುವಾಗ ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಈಗ ತೆರೆದಿಟ್ಟಿದ್ದೇನೆ. ಪುರುಸೊತ್ತೂ ಇದೆ.